ಕಾಡಿನ ಸುತ್ತುದಾರಿ ಚಾರಣ: ಕೊನೆಯ ಮೂರನೇ ಒಂದು ಭಾಗಕ್ಕೆ ಕಾಲು, ನೀರು, ಬೆಳಕು ಉಳಿಸಿಕೊಳ್ಳುವುದು ಹೇಗೆ

ಹೋದ ದಾರಿಯಲ್ಲೇ ಮರಳುವ ನಡಿಗೆಯಲ್ಲಿ ವಾಪಸು ಬರುವಾಗ ಸಿಗುವ ಪ್ರತಿ ತಿರುವೂ ಒಮ್ಮೆ ಕಂಡದ್ದೇ. ಎಲ್ಲಿ ಜಾರುತ್ತದೆ, ಎಲ್ಲಿ ಕೂರಬಹುದು, ಇನ್ನೆಷ್ಟು ದೂರ ಎಂಬುದೆಲ್ಲ ಗೊತ್ತಿರುತ್ತದೆ. ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ಸೇರುವ ದಾರಿಯಲ್ಲಿ ಹಾಗಲ್ಲ, ಕೊನೆಯ ತನಕವೂ ಎದುರಿಗಿರುವುದು ಹೊಸ ನೆಲ. ಅದರ ಸೊಗಸು ಇರುವುದೂ ಅಲ್ಲೇ, ಜನ ಎಡವುವುದೂ ಅಲ್ಲೇ. ದಣಿದ ಕಾಲು, ತಳ ಕಂಡ ನೀರಿನ ಬಾಟಲಿ, ಇಳಿಯುತ್ತಿರುವ ಬೆಳಕು, ಕಂಡರಿಯದ ಹಾದಿ ಎಲ್ಲವೂ ಒಟ್ಟಿಗೆ ಬಂದು ನಿಲ್ಲುವುದು ಸುತ್ತಿನ ಕೊನೆಯ ಮೂರನೇ ಒಂದು ಭಾಗದಲ್ಲಿ. ಕೆಳಗಿನ ಬಹುಪಾಲು ಸಲಹೆಗಳು ಆ ಭಾಗವನ್ನು ಗಮನದಲ್ಲಿಟ್ಟುಕೊಂಡವು.

ದಾರಿ ಆರಿಸುವಾಗ

ಫಲಕದ ಮೇಲೆ 'ಮಧ್ಯಮ' ಎಂದು ಬರೆದಿದ್ದರೆ ನಂಬುವ ಮೊದಲು ಎರಡು ಅಂಕಿಗಳನ್ನು ನೋಡಿ: ಒಟ್ಟು ದೂರ ಮತ್ತು ಒಟ್ಟು ಏರು. ಒಟ್ಟು ಏರು ಎಂದರೆ ಅತಿ ಎತ್ತರದ ಜಾಗದಿಂದ ಅತಿ ತಗ್ಗಿನ ಜಾಗವನ್ನು ಕಳೆದದ್ದಲ್ಲ, ದಾರಿಯುದ್ದಕ್ಕೂ ಹತ್ತಿದ್ದನ್ನೆಲ್ಲ ಕೂಡಿಸಿದ್ದು. 150 ಮೀಟರ್ ಎತ್ತರದ ಎರಡು ಗುಡ್ಡಗಳನ್ನು, ನಡುವೆ ಬುಡದ ತನಕ ಇಳಿದು, ಒಂದಾದ ಮೇಲೊಂದು ಹತ್ತಿದರೆ ಏರು 300 ಮೀಟರ್. 'ಎತ್ತರ ಬರೀ 150 ಮೀಟರಂತೆ' ಎಂದುಕೊಂಡು ಹೊರಟವರು ಎರಡನೇ ಗುಡ್ಡದ ಬುಡದಲ್ಲಿ ಕೂತುಬಿಡುತ್ತಾರೆ.

ವಾರಕ್ಕೆ ಮೂರು ನಾಲ್ಕು ದಿನ ಅರ್ಧ ಗಂಟೆ ನಡೆಯುವ ಅಭ್ಯಾಸವಿದ್ದವರಿಗೆ 6ರಿಂದ 10 ಕಿ.ಮೀ. ದೂರ, 200ರಿಂದ 400 ಮೀ. ಏರು ಇರುವ ಸುತ್ತು ಹೊಂದುತ್ತದೆ. ಎರಡರಲ್ಲೂ ಮೇಲಿನ ಅಂಕಿಯನ್ನೇ ಒಟ್ಟಿಗೆ ಹಿಡಿಯಬೇಡಿ. ದೂರ ಹೆಚ್ಚಿದ್ದರೆ ಏರು ಕಡಿಮೆ ಇರಲಿ. ಅಮೆರಿಕದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ ದಾರಿಗಳ ಕಷ್ಟವನ್ನು ಅಳೆಯಲು ಬಳಸುವ ಸೂತ್ರ ಇಲ್ಲಿ ನೆರವಾಗುತ್ತದೆ. ಏರನ್ನು ಅಡಿಗಳಲ್ಲೂ ದೂರವನ್ನು ಮೈಲಿಗಳಲ್ಲೂ ತೆಗೆದುಕೊಂಡು ಗುಣಿಸಿ, ಅದನ್ನು ಇಮ್ಮಡಿ ಮಾಡಿ, ವರ್ಗಮೂಲ ತೆಗೆಯಿರಿ. 50ರ ಒಳಗಿದ್ದರೆ ಸುಲಭ, 50ರಿಂದ 100 ಮಧ್ಯಮ, ಅದಕ್ಕೂ ಮೇಲಾದರೆ ಕಷ್ಟದ ಕಡೆಗೆ. 8 ಕಿ.ಮೀ. ದೂರ, 300 ಮೀ. ಏರಿನ ಸುತ್ತಿಗೆ (ಸುಮಾರು 5 ಮೈಲಿ, 984 ಅಡಿ) ಉತ್ತರ 99ರ ಆಸುಪಾಸು. ಅಂದರೆ ಮಧ್ಯಮವೇ, ಆದರೆ ಅಂಚಿನಲ್ಲಿದೆ.

ಒಟ್ಟು ಏರು ಸರಿಯಿದ್ದರೂ ಅದೆಲ್ಲ ಒಂದೇ ಕಡೆ ರಾಶಿ ಬಿದ್ದಿರಬಹುದು. ಅದನ್ನು ತೋರಿಸುವುದು ನಕ್ಷೆಯ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು. 1:25,000 ಅಳತೆಯ ನಕ್ಷೆಯಲ್ಲಿ 4 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ರೇಖೆಗಳ ನಡುವಿನ ಎತ್ತರ 10 ಮೀ. ಇದ್ದು, ನಿಮ್ಮ ದಾರಿ 1 ಸೆಂ.ಮೀ. ಒಳಗೆ ಅಂಥ ಐದು ರೇಖೆಗಳನ್ನು ದಾಟಿದರೆ 250 ಮೀಟರಿನಲ್ಲಿ 50 ಮೀಟರ್ ಹತ್ತಬೇಕು, ಶೇಕಡಾ 20ರ ಏರು. ಅಲ್ಲಲ್ಲಿ ಇಂಥದ್ದು ಬಂದರೆ ಪರವಾಗಿಲ್ಲ. ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೀಗೇ ಇದ್ದರೆ ಫಲಕ ಏನೇ ಹೇಳಲಿ, ಅದು ಮಧ್ಯಮವಲ್ಲ. ಜತೆಗೆ, ಸುತ್ತಿನ ನಡುವೆ ಅಡ್ಡ ಹಾದು ಬೇಗ ಹೊರಬರುವ ಒಳದಾರಿಯೋ, ಬಂಡಿದಾರಿಯೋ, ರಸ್ತೆಯೋ ಇದೆಯೇ ನೋಡಿ. ಮೊದಲ ಸಲಕ್ಕೆ ಅಂಥ ದಾರಿ ಒಂದಾದರೂ ಇರುವ ಸುತ್ತನ್ನೇ ಆರಿಸಿ. ಕಾಡಿಗೆ ಪ್ರವೇಶದ ಅನುಮತಿ ಬೇಕೇ, ದಾರಿ ತೆರೆದಿದೆಯೇ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿ.

ಸಮಯದ ಲೆಕ್ಕ

ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ ಲೆಕ್ಕ ಇಂದಿಗೂ ಚಲಾವಣೆಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. ನಮ್ಮ 8 ಕಿ.ಮೀ., 300 ಮೀ. ಸುತ್ತಿಗೆ 96 ನಿಮಿಷ ಮತ್ತು 30 ನಿಮಿಷ, ಒಟ್ಟು 2 ಗಂಟೆ 6 ನಿಮಿಷ. ಆದರೆ ಇದು ಎಲ್ಲೂ ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಬೇರು, ಕಲ್ಲು, ಕೆಸರು ಇರುವ ಕಾಡುಹಾದಿಯಲ್ಲಿ ಹೊಸಬರು ಅದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು: 3 ಗಂಟೆ 10 ನಿಮಿಷ. ವಿಶ್ರಾಂತಿಗೆ ಇಪ್ಪತ್ತು ನಿಮಿಷ ಸೇರಿಸಿದರೆ ಮೂರೂವರೆ ಗಂಟೆ. ಗುಂಪಿನಲ್ಲಿ ಹೋಗುವುದಾದರೆ ಈ ಲೆಕ್ಕವನ್ನು ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಗೆ ತಕ್ಕಂತೆ ಹಾಕಿ.

ಈಗ ಹಿಂದಿನಿಂದ ಎಣಿಸಿ. ಮರಗಳ ಚಪ್ಪರದ ಕೆಳಗೆ ಕತ್ತಲು ಬಯಲಿಗಿಂತ ಮುಂಚೆಯೇ ಇಳಿಯುತ್ತದೆ. ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಇರುವಾಗಲೇ ಬೇರು ಯಾವುದು, ನೆರಳು ಯಾವುದು ತಿಳಿಯದಂತಾಗಬಹುದು. ಸೂರ್ಯಾಸ್ತ 6:15ಕ್ಕೆ ಎಂದಾದರೆ ಕಾಡಿನ ಸಂಜೆ 5:30ಕ್ಕೇ. ಅದಕ್ಕೆ ಎರಡು ಗಂಟೆ ಮೊದಲು, ಅಂದರೆ 3:30ಕ್ಕೆ ಹೊರಗಿರಬೇಕು ಎಂದಿಟ್ಟುಕೊಂಡರೆ 12ರ ಒಳಗೆ ಹೊರಟಿರಬೇಕು. ಆ ಎರಡು ಗಂಟೆ ಉಳುಕಿದ ಪಾದಕ್ಕೋ ತಪ್ಪಿದ ಕವಲಿಗೋ ಮೀಸಲು, ಫೋಟೋ ತೆಗೆಯುತ್ತ ನಿಲ್ಲುವುದಕ್ಕಲ್ಲ. ಬೆಳಿಗ್ಗೆಯೇ ಹೊರಟರೆ ಈ ತಲೆಬಿಸಿಯೇ ಇರುವುದಿಲ್ಲ.

ಯಾವ ದಾರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ, ಎಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಗಾಬರಿಪಡಬೇಕು ಎಂಬ ಮೂರನ್ನೂ ಮನೆಯಲ್ಲಿ ಒಬ್ಬರಿಗೆ ಬರೆದು ಕೊಡಿ. 'ಸಂಜೆಗೆ ಬರ್ತೀನಿ' ಎಂದು ಹೇಳಿ ಹೋದರೆ ಹುಡುಕುವವರಿಗೆ ಏನೂ ಹೇಳಿದಂತಾಗಲಿಲ್ಲ.

ಎಡದಿಂದಲೋ ಬಲದಿಂದಲೋ

ಸುತ್ತುದಾರಿಯನ್ನು ಎರಡು ದಿಕ್ಕಿನಿಂದ ನಡೆಯಬಹುದು, ಎರಡೂ ಒಂದೇ ಅಲ್ಲ. ಒಂದು ಪಕ್ಕ ಕಡಿದಾಗಿದ್ದು ಇನ್ನೊಂದು ಪಕ್ಕ ಇಳಿಜಾರು ಮೆಲ್ಲಗಿದ್ದರೆ ಕಡಿದಾದದ್ದನ್ನು ಹತ್ತಿ, ಮೆಲ್ಲಗಿನದನ್ನು ಇಳಿಯಿರಿ. ಹತ್ತುವಾಗ ಖರ್ಚಾಗುವುದು ಉಸಿರು, ಅದು ಐದು ನಿಮಿಷ ನಿಂತರೆ ಮರಳಿ ಬರುತ್ತದೆ. ಇಳಿಯುವಾಗ ಖರ್ಚಾಗುವುದು ತೊಡೆ ಮತ್ತು ಮಂಡಿ, ಅವು ಆ ದಿನಕ್ಕೆ ಮರಳುವುದಿಲ್ಲ. ಜಾರಿ ಬೀಳುವುದೂ ಹೆಚ್ಚಾಗಿ ಇಳಿಯುವಾಗಲೇ.

ಹಳ್ಳ ದಾಟುವುದಿದ್ದರೆ ಅದು ಸುತ್ತಿನ ಆರಂಭದಲ್ಲೇ ಬರುವಂತೆ ದಿಕ್ಕು ಆರಿಸಿ. ಅಲ್ಲಿ ನೀರು ಮೊಣಕಾಲು ಮೀರಿದ್ದರೆ ಹಿಂದಿರುಗುವುದು ಅರ್ಧ ಗಂಟೆಯ ಮಾತು. ಅದೇ ಹಳ್ಳ ಏಳನೇ ಕಿಲೋಮೀಟರಿನಲ್ಲಿ ಉಕ್ಕುತ್ತ ಸಿಕ್ಕರೆ ನಡೆದದ್ದೆಲ್ಲವನ್ನೂ ಹಿಂದಕ್ಕೆ ನಡೆಯಬೇಕು, ಇಲ್ಲವೇ ದಾಟುವ ಹುಚ್ಚು ಸಾಹಸಕ್ಕೆ ಇಳಿಯಬೇಕು. ಗುರುತು ಸರಿಯಿಲ್ಲದ, ಪೊದೆ ಬೆಳೆದ ಭಾಗವನ್ನೂ ಹೀಗೇ ಮೊದಲು ಮುಗಿಸಿ, ಬಂಡಿದಾರಿಯಂಥ ಅಗಲವಾದ, ತಪ್ಪಲಾರದ ಭಾಗವನ್ನು ಕೊನೆಗೆ ಉಳಿಸಿಕೊಳ್ಳಿ. ಈ ನಿಯಮಗಳು ಒಂದಕ್ಕೊಂದು ಅಡ್ಡ ಬಂದರೆ ಹಳ್ಳದ ಮಾತೇ ಮೊದಲು ನಡೆಯಲಿ.

ಶೂ ಮತ್ತು ಕಾಲುಚೀಲ

ಚಾರಣ ಕೆಡುವುದಕ್ಕೆ ಕಾಡುಮೃಗಗಳಿಗಿಂತ ಹೆಚ್ಚು ಕಾರಣವಾಗಿರುವುದು ಹಿಮ್ಮಡಿಯ ನೀರುಗುಳ್ಳೆ. ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಗುಳ್ಳೆ ಏಳುವುದು ಬರೀ ಉಜ್ಜುವಿಕೆಯಿಂದಲ್ಲ. ಹೆಜ್ಜೆ ಹೆಜ್ಜೆಗೂ ಒಳಗಿನ ಮೂಳೆ ಒಂದು ಕಡೆ ಸರಿಯುತ್ತದೆ, ಶೂಗೆ ಅಂಟಿಕೊಂಡ ಚರ್ಮ ಇದ್ದಲ್ಲೇ ಉಳಿಯುತ್ತದೆ. ನಡುವಿನ ಪದರಗಳು ಎಳೆದಾಡಿ ಬಿರಿದು, ಆ ಜಾಗಕ್ಕೆ ನೀರು ತುಂಬುತ್ತದೆ. ಬೆವರಿಗೆ ನೆನೆದ ಚರ್ಮ ಮೆತ್ತಗಾಗಿ ಹೆಚ್ಚು ಅಂಟುವುದರಿಂದ ಒದ್ದೆ ಪಾದಕ್ಕೆ ಗುಳ್ಳೆ ಬೇಗ. ಹತ್ತಿಯ ಕಾಲುಚೀಲ ನೀರು ಹೀರಿಕೊಂಡು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಬೇಡ. ಉಣ್ಣೆಯದು ಅಥವಾ ಪಾಲಿಯೆಸ್ಟರ್, ನೈಲಾನ್ ಮಿಶ್ರಣದ್ದು ಹಾಕಿ, ಇನ್ನೊಂದು ಜೊತೆ ಚೀಲದಲ್ಲಿರಲಿ.

ಶೂ ಕೊಳ್ಳುವುದು ಸಂಜೆಯ ಹೊತ್ತು, ಪಾದ ತುಸು ಊದಿರುವಾಗ, ಚಾರಣದ ಕಾಲುಚೀಲ ಹಾಕಿಕೊಂಡೇ. ಅತಿ ಉದ್ದದ ಬೆರಳಿಗೂ ಶೂ ಮೂತಿಗೂ ನಡುವೆ ಒಂದು ಹೆಬ್ಬೆರಳಿನಷ್ಟು ಜಾಗ ಬೇಕು. ಅಂಗಡಿಯಲ್ಲೇ ಇಳಿಜಾರಿನ ಮೇಲೆ ನಿಂತು ಕಾಲನ್ನು ಮುಂದಕ್ಕೆ ತಳ್ಳಿ ನೋಡಿ. ಬೆರಳು ಮುಂದೆ ಬಡಿದರೆ ಬಿಟ್ಟುಬಿಡಿ, ಎರಡು ಗಂಟೆ ಇಳಿಯುವುದರೊಳಗೆ ಉಗುರು ಕಪ್ಪಾಗುತ್ತದೆ. ಮಧ್ಯಮ ದಾರಿಗೆ, ಹಗುರ ಚೀಲಕ್ಕೆ, ಪಾದದ ಗಂಟಿನ ಕೆಳಗೇ ನಿಲ್ಲುವ ಹಗುರ ಶೂ ಸಾಕು. ಗಂಟು ಮುಚ್ಚುವ ಬೂಟು ಉಳುಕನ್ನು ತಡೆದೇ ತಡೆಯುತ್ತದೆ ಎಂಬ ನಂಬಿಕೆಯಲ್ಲಿ ಭಾರದ ಬೂಟು ಹೊರುವ ಅಗತ್ಯವಿಲ್ಲ. ಅಟ್ಟೆಯ ಹಲ್ಲುಗಳು ಆಳವಾಗಿರುವುದು ಅದಕ್ಕಿಂತ ಮುಖ್ಯ. ಹೊಸ ಶೂಗಳಲ್ಲಿ ಕನಿಷ್ಠ 20–25 ಕಿ.ಮೀ. ಮನೆ ಸುತ್ತಮುತ್ತ ನಡೆದಾದ ಮೇಲೆ ಕಾಡಿಗೆ ಹೋಗಿ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಹಳೇ ಶೂಗಳಾದರೆ ಅಟ್ಟೆ ಬಗ್ಗಿಸಿ ಪರೀಕ್ಷಿಸಿ. ಅಂಟು ಒಣಗಿ ನಡುದಾರಿಯಲ್ಲಿ ಅಟ್ಟೆ ಬಾಯಿ ಬಿಡುವುದು ಅಪರೂಪವೇನಲ್ಲ.

ಹತ್ತುವಾಗ ಹಿಮ್ಮಡಿ ಮೇಲೇಳುತ್ತದೆ, ಇಳಿಯುವಾಗ ಬೆರಳು ಮುಂದೆ ನುಗ್ಗುತ್ತದೆ. ಹಾಗಾಗಿ ಲೇಸನ್ನು ಬೆಳಿಗ್ಗೆ ಒಮ್ಮೆ ಕಟ್ಟಿ ಮರೆಯುವಂತಿಲ್ಲ. ಇಳಿಜಾರು ಶುರುವಾಗುವ ಮೊದಲು ನಿಂತು, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಮೇಲ್ಭಾಗವನ್ನು ಬಿಗಿಗೊಳಿಸಿ. ಶೂಗೆ ಮೇಲುಗಡೆ ಹೆಚ್ಚುವರಿ ತೂತು ಇದ್ದರೆ ಲೇಸನ್ನು ಅದೇ ಪಕ್ಕದ ತೂತಿನೊಳಗೆ ತೂರಿಸಿ ಕುಣಿಕೆ ಮಾಡಿ, ಎದುರು ಪಕ್ಕದ ಲೇಸನ್ನು ಆ ಕುಣಿಕೆಯೊಳಗಿಂದ ಹಾಯಿಸಿ ಎಳೆಯಿರಿ. ಹಿಮ್ಮಡಿ ಕದಲದಂತೆ ಬೀಗ ಹಾಕಿದ ಹಾಗಿರುತ್ತದೆ.

ಎಲ್ಲಾದರೂ ಬಿಸಿ ಬಿಸಿ ಅನ್ನಿಸಿದರೆ ಆ ಕ್ಷಣವೇ ನಿಲ್ಲಿ. ಅದು ಗುಳ್ಳೆ ಹುಟ್ಟುವ ಮೊದಲಿನ ಎಚ್ಚರಿಕೆ. ಪಾದ ಒರೆಸಿ, ಆರಲು ಬಿಟ್ಟು, ವೈದ್ಯಕೀಯ ಟೇಪನ್ನು ಸುಕ್ಕಿಲ್ಲದಂತೆ, ಮೂಲೆಗಳನ್ನು ದುಂಡಗೆ ಕತ್ತರಿಸಿ ಅಂಟಿಸಿ. 'ಮುಂದಿನ ತಿರುವಿನಲ್ಲಿ ನೋಡೋಣ' ಎಂದರೆ ಅಷ್ಟರಲ್ಲಿ ಗುಳ್ಳೆ ಎದ್ದಿರುತ್ತದೆ. ಎದ್ದ ಗುಳ್ಳೆಯನ್ನು ದಾರಿಯಲ್ಲಿ ಒಡೆಯಬೇಡಿ. ನಡುವೆ ತೂತು ಮಾಡಿದ ಮೆತ್ತನೆ ಪಟ್ಟಿಯನ್ನು ಅದರ ಸುತ್ತ ಇಟ್ಟು ಮೇಲೆ ಟೇಪ್ ಹಾಕಿ.

ಚೀಲದೊಳಗೆ

18ರಿಂದ 25 ಲೀಟರಿನ ಚೀಲ ಸಾಕು. ತೂಕ ಒಟ್ಟು ನಿಮ್ಮ ಮೈತೂಕದ ಹತ್ತನೇ ಒಂದು ಭಾಗ ದಾಟದಿರಲಿ. ಭಾರದ ವಸ್ತು, ಅಂದರೆ ನೀರು, ಬೆನ್ನಿಗೆ ಅಂಟಿಕೊಂಡಂತೆ ನಡುಮಟ್ಟದಲ್ಲಿ ಇರಬೇಕು. ಹೊರಗಿನ ಜೇಬಿಗೆ ಹಾಕಿದರೆ ಚೀಲ ಹಿಂದಕ್ಕೆ ಜಗ್ಗುತ್ತದೆ.

ನೀರು ಎಷ್ಟು? ತಂಪು ಹವೆಯಲ್ಲಿ ಗಂಟೆಗೆ ಅರ್ಧ ಲೀಟರ್, ಸೆಕೆಯಲ್ಲಿ ಮುಕ್ಕಾಲು ಲೀಟರಿನ ತನಕ. ಮೂರೂವರೆ ಗಂಟೆಗೆ ಎರಡು ಲೀಟರ್, ಸೆಕೆಗಾಲದಲ್ಲಿ ಮೂರು. ಬಾಯಾರಿಕೆಯಾದಾಗಲೆಲ್ಲ ಎರಡು ಮೂರು ಗುಟುಕು ಕುಡಿಯುತ್ತಿರಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಗಂಟೆಗೆ ಲೀಟರಿಗೂ ಹೆಚ್ಚು ಬರೀ ನೀರನ್ನು ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಬರಬಹುದು. ಅದನ್ನು ನೀರಿನ ಕೊರತೆ ಎಂದು ತಿಳಿದು ಇನ್ನಷ್ಟು ಕುಡಿದರೆ ಅಪಾಯ. ಉಪ್ಪು ಹಾಕಿದ ಬೀಜಗಳೋ ಓಆರ್‌ಎಸ್ ಪೊಟ್ಟಣವೋ ಜತೆಗಿರಲಿ. ತಿಳಿಯಾಗಿ ಕಂಡ ಮಾತ್ರಕ್ಕೆ ಹಳ್ಳದ ನೀರನ್ನು ಕುಡಿಯಬೇಡಿ.

ಎರಡನೇ ಗಂಟೆಯಿಂದ ಗಂಟೆಗೆ 30ರಿಂದ 40 ಗ್ರಾಂ ಪಿಷ್ಟ, ಸಕ್ಕರೆ ಅಂಶ ಹೊಟ್ಟೆಗೆ ಬೀಳಬೇಕು. ಒಂದು ಬಾಳೆಹಣ್ಣು, ಒಂದು ಸಣ್ಣ ಹಿಡಿ ಒಣದ್ರಾಕ್ಷಿ ಅಷ್ಟಾಗುತ್ತದೆ. ಹೊಟ್ಟೆ ತುಂಬ ಉಂಡು ಏರು ಹತ್ತಿದರೆ ರಕ್ತಕ್ಕಾಗಿ ಹೊಟ್ಟೆಗೂ ಕಾಲಿಗೂ ಪೈಪೋಟಿ.

ಉಳಿದದ್ದು: ಮಳೆ ತಡೆಯುವ ಹಗುರ ಜಾಕೆಟ್, ಬೆಚ್ಚನೆಯ ಒಂದು ಮೇಲಂಗಿ, ಟೇಪ್, ಬ್ಯಾಂಡೇಜು, ಸುತ್ತುಪಟ್ಟಿ, ಚಿಮಟ, ನೀವು ದಿನಾ ತೆಗೆದುಕೊಳ್ಳುವ ಔಷಧಿ, ಸೀಟಿ, ಕಾಗದದ ನಕ್ಷೆ, ದಿಕ್ಸೂಚಿ, ಚಾರ್ಜ್ ತುಂಬಿದ ಪವರ್ ಬ್ಯಾಂಕ್. ಹಗಲಿನ ನಡಿಗೆಯೇ ಆದರೂ ಹಣೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು. ಫೋನಿನ ಟಾರ್ಚ್ ಒಂದು ಕೈಯನ್ನೂ, ನಿಮಗೆ ಕರೆ ಮಾಡಲು ಬೇಕಾದ ಬ್ಯಾಟರಿಯನ್ನೂ ತಿನ್ನುತ್ತದೆ.

ಹತ್ತುವುದು, ಇಳಿಯುವುದು

ಮೊದಲ 20 ನಿಮಿಷ ಬೇಕೆಂದೇ ನಿಧಾನ ನಡೆಯಿರಿ. ಮೈ ಹದಕ್ಕೆ ಬರಲು ಅಷ್ಟು ಹೊತ್ತು ಬೇಕು. ಆಗಲೇ ಏದುಸಿರು ಬಂದರೆ ಇಡೀ ದಿನದ ಲಯ ಕೆಡುತ್ತದೆ. ಆ ಇಪ್ಪತ್ತು ನಿಮಿಷ ಮುಗಿದ ಮೇಲೆ ಒಮ್ಮೆ ಎರಡು ನಿಮಿಷ ನಿಂತು ಲೇಸ್ ಸರಿಪಡಿಸಿ, ಮೇಲಂಗಿ ಕಳಚಿ. ಬೆವರಿ ತೊಯ್ದ ಮೇಲೆ ಕಳಚುವುದರಲ್ಲಿ ಅರ್ಥವಿಲ್ಲ.

ವೇಗ ಸರಿಯಿದೆಯೇ ಎಂದು ತಿಳಿಯಲು ಮಾತೇ ಒರೆಗಲ್ಲು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಏಳೆಂಟು ಪದಗಳ ವಾಕ್ಯ ನಡುವೆ ತುಂಡಾದರೆ ನಿಧಾನಿಸಿ. ನಾಡಿ ನೋಡುವವರು 220ರಿಂದ ವಯಸ್ಸು ಕಳೆದು, ಉಳಿದದ್ದರ ಶೇಕಡಾ 50ರಿಂದ 70ರ ನಡುವೆ ಇರುವಂತೆ ನೋಡಿಕೊಳ್ಳಬಹುದು. 40 ವರ್ಷದವರಿಗೆ ನಿಮಿಷಕ್ಕೆ 90ರಿಂದ 126. ಇದು ಸರಾಸರಿ ಅಂದಾಜು, ನಾಡಿಯ ವೇಗ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಹೊಂದುವುದಿಲ್ಲ. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಇನ್ಸುಲಿನ್ ಬಳಕೆ ಇದ್ದವರು ಮೊದಲೇ ವೈದ್ಯರನ್ನು ಕೇಳಬೇಕು. ದಾರಿಯಲ್ಲಿ ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲಿಗೆ ನಡಿಗೆ ನಿಲ್ಲಿಸಿ ಸಹಾಯ ಕರೆಯಿರಿ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ ಹೇಳಿದೆ. ಮೂರೂವರೆ ಗಂಟೆಯ ಒಂದು ಸುತ್ತಿನಲ್ಲೇ ಆ ಲೆಕ್ಕ ಭರ್ತಿಯಾಗುತ್ತದೆ ನಿಜ. ಆದರೆ ಆರು ದಿನ ಕುರ್ಚಿಯಲ್ಲಿ ಕೂತ ಮೀನಖಂಡ ಏಳನೇ ದಿನ ಲೆಕ್ಕಪತ್ರ ನೋಡುವುದಿಲ್ಲ. ಹೊರಡುವ ಮೊದಲಿನ ನಾಲ್ಕು ವಾರ, ವಾರಕ್ಕೆ ಮೂರು ದಿನ ನಡಿಗೆಯ ಜತೆ 10ರಿಂದ 20 ನಿಮಿಷ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದನ್ನು ಬಿಡಬೇಡಿ, ಲಿಫ್ಟಿನಲ್ಲಿ ಕೆಳಗೆ ಬಂದರೆ ಅರ್ಧ ಅಭ್ಯಾಸ ಹೋಯಿತು.

ಏರಿನಲ್ಲಿ ಹೆಜ್ಜೆ ಗಿಡ್ಡ, ಇಡೀ ಪಾದ ನೆಲಕ್ಕೆ. ತುದಿಗಾಲಲ್ಲಿ ಹತ್ತಿದರೆ ಮೀನಖಂಡ ಹಿಡಿಯುತ್ತದೆ. ಕಡಿದಾದ ಕಡೆ ಪ್ರತಿ ಹೆಜ್ಜೆಯಲ್ಲೂ ಹಿಂಗಾಲನ್ನು ನೇರ ಮಾಡಿ, ಮೈಭಾರವನ್ನು ಒಂದು ಕ್ಷಣ ಮೂಳೆಯ ಮೇಲೆ ಬಿಟ್ಟು, ಆಮೇಲೆ ಮುಂದಿನ ಕಾಲು ಎತ್ತಿ. ಸ್ನಾಯುವಿಗೆ ಸಿಗುವ ಆ ಅರ್ಧ ಸೆಕೆಂಡಿನ ಬಿಡುವು ನೂರಾರು ಹೆಜ್ಜೆಗೆ ಕೂಡಿ ದೊಡ್ಡದಾಗುತ್ತದೆ. ಓಡಿ ಹತ್ತಿ ಐದು ನಿಮಿಷ ಏದುವವರಿಗಿಂತ ನಿಲ್ಲದೆ ಮೆಲ್ಲಗೆ ಹತ್ತುವವರು ಮೊದಲು ತುದಿ ಮುಟ್ಟುತ್ತಾರೆ. ಗಂಟೆಗೊಮ್ಮೆ ಐದರಿಂದ ಎಂಟು ನಿಮಿಷ ವಿಶ್ರಾಂತಿ ಸಾಕು, ಅದಕ್ಕೂ ಹೆಚ್ಚು ಕೂತರೆ ಕಾಲು ಬಿಗಿಯುತ್ತದೆ.

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿಯಬೇಕು, ಬ್ರೇಕಿನಂತೆ. ಆ ಕೆಲಸ ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಕೊಡುತ್ತದೆ. ಎರಡನೇ ದಿನ ಮೆಟ್ಟಿಲು ಇಳಿಯುವಾಗ ತೊಡೆ ಅಳುವುದು ಇದರಿಂದಲೇ. ಮಂಡಿ ತುಸು ಬಾಗಿರಲಿ, ಹೆಜ್ಜೆ ಏರಿನಲ್ಲಿ ಇಟ್ಟದ್ದಕ್ಕಿಂತಲೂ ಗಿಡ್ಡವಿರಲಿ, ಕಣ್ಣು ಮೂರು ನಾಲ್ಕು ಮೀಟರ್ ಮುಂದಿರಲಿ. ಹೆದರಿ ಹಿಂದಕ್ಕೆ ವಾಲಬೇಡಿ. ಭಾರ ಹಿಮ್ಮಡಿಗೆ ಹೋದಾಗ ಅಟ್ಟೆಯ ಹಿಡಿತ ತಪ್ಪಿ ಕುಂಡೆಯ ಮೇಲೆ ಕೂರುವುದು ಖಂಡಿತ. ತೀರಾ ಕಡಿದಾದರೆ ಅಡ್ಡಡ್ಡ ಇಳಿಯಿರಿ.

ಊರುಗೋಲು ಇದ್ದರೆ ಮೊಣಕೈ 90 ಡಿಗ್ರಿ ಬಾಗುವಷ್ಟು ಉದ್ದ ಸಪಾಟು ನೆಲಕ್ಕೆ, ಏರಿಗೆ 5–10 ಸೆಂ.ಮೀ. ಗಿಡ್ಡ, ಇಳಿತಕ್ಕೆ ಅಷ್ಟೇ ಹೆಚ್ಚು ಉದ್ದ.

ಕಾಡಿನ ನೆಲಕ್ಕೆ ಅದರದೇ ಬಲೆಗಳಿವೆ. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಹಾಕಿ. ದಾರಿಗೆ ಓರೆಯಾಗಿ ಹಬ್ಬಿದ ಬೇರು ಎಲ್ಲಕ್ಕಿಂತ ಕೆಟ್ಟದ್ದು. ತೊಗಟೆ ಸುಲಿದ ಮರದ ದಿಮ್ಮಿ ಒದ್ದೆಯಾದರೆ ಸಾಬೂನು. ತರಗೆಲೆಯ ಗುಡ್ಡೆ ಗುಂಡಿಯನ್ನೂ ಸಡಿಲ ಕಲ್ಲನ್ನೂ ಮುಚ್ಚಿರುತ್ತದೆ, ಕೋಲಿನಿಂದ ತಟ್ಟಿ ನೋಡಿ. ಅಡ್ಡ ಬಿದ್ದ ದಿಮ್ಮಿಯನ್ನು ಒಂದೇ ನೆಗೆತಕ್ಕೆ ದಾಟಬೇಡಿ: ಮೇಲೆ ಹತ್ತಿ, ಆಚೆ ನೆಲ ನೋಡಿ, ಆಮೇಲೆ ಇಳಿಯಿರಿ. ಹಾವು ಮಲಗುವುದು ಅಲ್ಲೇ.

ಇದೆಲ್ಲದರ ನಡುವೆ ನಡೆಯುವುದೇ ಕೆಲಸವಾಗಿಬಿಡಬಾರದು. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ 'ಶಿನ್ರಿನ್-ಯೋಕು', ಎಂದರೆ ಕಾಡಿನ ಸ್ನಾನ, ಎಂಬ ಹೆಸರು ಕೊಟ್ಟದ್ದು ಕಾಡಿನಲ್ಲಿ ಸುಮ್ಮನೆ ಇರುವುದಕ್ಕೆ. ವಿಶ್ರಾಂತಿಗಳಲ್ಲಿ ಒಂದನ್ನಾದರೂ ಫೋನ್ ಚೀಲದೊಳಗಿಟ್ಟು, ಮಾತಿಲ್ಲದೆ ಕಳೆಯಿರಿ.

ಕವಲುಗಳು

ಹೊರಡುವ ಮೊದಲು ನಕ್ಷೆಯಲ್ಲಿ ಕವಲುಗಳನ್ನು ಎಣಿಸಿ, ಪ್ರತಿಯೊಂದಕ್ಕೂ ಅಂದಾಜು ಸಮಯ ಬರೆದುಕೊಳ್ಳಿ. ದಾರಿಯಲ್ಲಿ ಕವಲು ಬಂದಾಗಲೆಲ್ಲ ಇದೇ ಕ್ರಮ:

1. ನಿಂತು ಗಡಿಯಾರ ನೋಡಿ. ಅಂದಾಜಿಗೂ ನಿಜಕ್ಕೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಇದು ನೀವೆಂದುಕೊಂಡ ಕವಲು ಅಲ್ಲದಿರಬಹುದು.
2. ನಕ್ಷೆಯನ್ನು ದಿಕ್ಸೂಚಿಗೆ ಹೊಂದಿಸಿ ತಿರುಗಿಸಿ, ಹೋಗಬೇಕಾದ ದಿಕ್ಕು ನೋಡಿ. ಫೋನನ್ನು ದಿಕ್ಸೂಚಿಯ ಹತ್ತಿರ ಹಿಡಿಯಬೇಡಿ, ಮುಳ್ಳು ವಾಲುತ್ತದೆ.
3. ಹತ್ತು ಹೆಜ್ಜೆ ಮುಂದೆ ಹೋಗಿ ಹಿಂದಿರುಗಿ ನೋಡಿ, ಒಂದು ಫೋಟೋ ತೆಗೆಯಿರಿ. ಮರಳಬೇಕಾಗಿ ಬಂದರೆ ಕವಲು ಕಾಣುವುದು ಆ ಕೋನದಿಂದ.

ಬಣ್ಣದ ಗುರುತು, ಫಲಕ ಇರುವ ಹಾದಿಯಾದರೆ ಎರಡು ಗುರುತುಗಳ ನಡುವೆ ಸಾಮಾನ್ಯವಾಗಿ ಎಷ್ಟು ಹೊತ್ತು ಹಿಡಿಯುತ್ತಿದೆ ಎಂದು ಗಮನಿಸಿ. ಅದರ ಎರಡರಷ್ಟು ನಡೆದರೂ ಹೊಸದು ಕಾಣದಿದ್ದರೆ ಕೊನೆಯ ಗುರುತಿಗೆ ಹಿಂದಿರುಗಿ. ಪ್ರಾಣಿಗಳ ಹಾದಿ ಎಷ್ಟೋ ಸಲ ಜನರ ಹಾದಿಗಿಂತ ಸ್ಪಷ್ಟವಾಗಿರುತ್ತದೆ, ಆದರೆ ಕೊಂಬೆಗಳು ಎದೆಗೆ, ಮುಖಕ್ಕೆ ಬಡಿಯತೊಡಗಿದರೆ ಅದನ್ನು ಮಾಡಿದ್ದು ನಿಮಗಿಂತ ಗಿಡ್ಡ ಜೀವ ಎಂದರ್ಥ.

ಸುತ್ತುದಾರಿ ಒಂದು ಅನುಕೂಲ ಕೊಡುತ್ತದೆ. ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆಯುತ್ತಿದ್ದರೆ ಸುತ್ತಿನ ನಡುಭಾಗ ಯಾವಾಗಲೂ ನಿಮ್ಮ ಬಲಗೈ ಕಡೆಗೆ. ಗುಡ್ಡ ಸುತ್ತುವ ದಾರಿಯಾದರೆ ಗುಡ್ಡ ಬಲಕ್ಕೇ ಇರಬೇಕು. ಹತ್ತು ನಿಮಿಷದಿಂದ ಅದು ಎಡಕ್ಕೆ ಬಂದು ಕೂತಿದ್ದರೆ ಏನೋ ತಪ್ಪಿದೆ.

ಸ್ವಲ್ಪ ದೂರ ಒಂದೇ ದಾರಿಯಲ್ಲಿ ಹೋಗಿ ಆಮೇಲೆ ಸುತ್ತು ಶುರುವಾಗುವ ಹಾದಿಗಳಲ್ಲಿ ಇನ್ನೊಂದು ಬಲೆಯಿದೆ. ಸುತ್ತು ಮುಗಿಸಿ ಬರುವಾಗ ಅದೇ ಕವಲು ಬೇರೆ ಕಡೆಯಿಂದ ಎದುರಾಗುವುದರಿಂದ ಗುರುತೇ ಸಿಗುವುದಿಲ್ಲ. ಜನ ಅದನ್ನು ದಾಟಿ ಎರಡನೇ ಸುತ್ತಿಗೆ ಹೊರಟಿರುತ್ತಾರೆ. ಬೆಳಿಗ್ಗೆ ಆ ಕವಲಿಗೆ ಬಂದಾಗ, ನೀವು ಮರಳಿ ಬರಲಿರುವ ಕವಲಿನೊಳಗೆ ಇಪ್ಪತ್ತು ಹೆಜ್ಜೆ ಹೋಗಿ, ತಿರುಗಿ ನಿಂತು ನೋಡಿ. ಸಂಜೆ ಕಾಣುವ ನೋಟ ಅದೇ.

ಫೋನಿನಲ್ಲಿ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಏರೋಪ್ಲೇನ್ ಮೋಡಿನಲ್ಲಿಡಿ. ಸಿಗ್ನಲ್ ಹುಡುಕುವ ಫೋನ್ ಬ್ಯಾಟರಿಯನ್ನು ಬೇಗ ಮುಗಿಸುತ್ತದೆ. ಜಿಪಿಎಸ್ ಉಪಗ್ರಹಗಳಿಂದ ಬರುವುದನ್ನು ಕೇಳಿಸಿಕೊಳ್ಳುವುದಷ್ಟೇ ಆದ್ದರಿಂದ ಹಾಗೂ ಕೆಲಸ ಮಾಡುತ್ತದೆ. ದಟ್ಟ ಎಲೆಯ ಕೆಳಗೆ ಸಂಕೇತಗಳು ಚದುರಿ, ನಕ್ಷೆಯ ಮೇಲಿನ ಚುಕ್ಕಿ ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಜಿಗಿಯುವುದುಂಟು. ಹತ್ತಿರ ಹತ್ತಿರ ಎರಡು ಹಾದಿಗಳಿರುವಲ್ಲಿ ಅದನ್ನು ಪೂರ್ತಿ ನಂಬಬೇಡಿ.

ಅರ್ಧದಾರಿಯಲ್ಲಿ ಒಂದು ತೀರ್ಮಾನ

ಸುತ್ತಿನ ಅರ್ಧಕ್ಕೆ ಮೊದಲು ಏನಾದರೂ ಕೆಟ್ಟರೆ ಹಿಂದಿರುಗುವುದು ಹತ್ತಿರ, ಅರ್ಧ ದಾಟಿದ ಮೇಲೆ ಮುಂದೆ ಹೋಗುವುದು ಹತ್ತಿರ. ಆದ್ದರಿಂದ ಅರ್ಧದಾರಿಗೆ ತುಸು ಮೊದಲೇ, ನಕ್ಷೆಯಲ್ಲಿ ಗುರುತಿಟ್ಟುಕೊಂಡ ಜಾಗದಲ್ಲಿ, ನಿಂತು ನಾಲ್ಕು ವಿಷಯ ನೋಡಿ: ಯೋಜಿಸಿದ ಸಮಯದ ಅರ್ಧಕ್ಕಿಂತ ಹೆಚ್ಚು ಕಳೆದಿದೆಯೇ? ನೀರು ಅರ್ಧಕ್ಕಿಂತ ಕಡಿಮೆಯಾಗಿದೆಯೇ? ಯಾರಿಗಾದರೂ ಪಾದ, ಮಂಡಿ ನೋಯುತ್ತಿದೆಯೇ? ಮೋಡ ಕಟ್ಟುತ್ತಿದೆಯೇ? ಎರಡಕ್ಕೆ 'ಹೌದು' ಬಂದರೆ ಬಂದ ದಾರಿಯಲ್ಲೇ ಮರಳಿ. ದೂರ ಎರಡೂ ಕಡೆ ಸಮವಾಗಿದ್ದರೂ ಕಂಡ ದಾರಿ ಕಾಣದ ದಾರಿಗಿಂತ ಗಿಡ್ಡವೇ.

ಇಲ್ಲಿ ದಾರಿ ತಪ್ಪಿಸುವುದು ಕಾಲಲ್ಲ, ಮನಸ್ಸು. 'ಸುತ್ತು ಪೂರ್ತಿ ಆಗಲಿಲ್ಲವಲ್ಲ' ಎಂಬ ಕೊರಗು ಜನರನ್ನು ಮುಂದಕ್ಕೆ ತಳ್ಳುತ್ತದೆ. ಒಬ್ಬರು ಕುಂಟುತ್ತಿದ್ದರೂ ಗುಂಪಿನಲ್ಲಿ ಮೊದಲು ಬಾಯಿ ಬಿಡಲು ಯಾರೂ ಒಪ್ಪುವುದಿಲ್ಲ. ಆದ್ದರಿಂದ ಈ ನಾಲ್ಕು ಪ್ರಶ್ನೆಗಳನ್ನು ಹೊರಡುವಾಗಲೇ ಎಲ್ಲರಿಗೂ ಹೇಳಿಟ್ಟಿರಿ. ಆಗ ಮರಳುವುದು ಯಾರೊಬ್ಬರ ಸೋಲೂ ಆಗುವುದಿಲ್ಲ.

ದಾರಿ ತಪ್ಪಿದರೆ

ಅನುಮಾನ ಬಂದ ಕೂಡಲೇ ಕೂತುಕೊಳ್ಳಿ, ನೀರು ಕುಡಿಯಿರಿ. ಹತ್ತು ನಿಮಿಷ ಕಳೆದ ಮೇಲೆ ಕೊನೆಯದಾಗಿ ಖಚಿತವಿದ್ದ ಜಾಗ ಯಾವುದು, ಅಲ್ಲಿಂದ ಎಷ್ಟು ನಿಮಿಷ ನಡೆದಿರಿ ಎಂದು ನೆನೆಯಿರಿ. ಬಂದ ಹೆಜ್ಜೆಯಲ್ಲೇ ಅಲ್ಲಿಗೆ ಮರಳಲಾದರೆ ಮರಳಿ. 'ಹೀಗೇ ನೇರ ಹೋದರೆ ದಾರಿ ಸಿಗುತ್ತದೆ' ಎಂದು ಕಾಡಿನೊಳಗೆ ನುಗ್ಗಬೇಡಿ, ಏಕೆಂದರೆ ನೇರ ನಡೆಯುವುದು ಮನುಷ್ಯರಿಗೆ ಬರುವುದಿಲ್ಲ. ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜರ್ಮನಿಯ ಕಾಡೊಂದರಲ್ಲಿ ಜನರನ್ನು ನೇರ ನಡೆಯಲು ಹೇಳಿದ್ದರು. ಸೂರ್ಯ ಕಾಣುತ್ತಿದ್ದಾಗ ಹೆಚ್ಚು ಕಡಿಮೆ ನೇರವೇ ನಡೆದರು, ಮೋಡ ಮುಸುಕಿದಾಗ ಸುತ್ತು ಹಾಕಿ ತಾವು ದಾಟಿದ ಜಾಗವನ್ನೇ ಮತ್ತೆ ದಾಟಿದರು.

ಹಳ್ಳ ಹಿಡಿದು ಕೆಳಗಿಳಿದರೆ ಊರು ಸಿಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಹಳ್ಳ ಹರಿಯುವುದು ಪೊದೆ, ಜಾರುಬಂಡೆ, ಜಲಪಾತದ ಕಡೆಗೆ, ಮೇಲಾಗಿ ನೀರಿನ ಸದ್ದಿನಲ್ಲಿ ನಿಮ್ಮ ಕೂಗು ಯಾರಿಗೂ ಕೇಳದು. ಮರಳಲು ಆಗದಿದ್ದರೆ ಇದ್ದಲ್ಲೇ ಇದ್ದು, ಬೆಚ್ಚಗಿನ ಬಟ್ಟೆ ಹಾಕಿ, ಸೀಟಿ ಊದಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಕೆಲವು ದೇಶಗಳಲ್ಲಿ ಮೂರು ಸಲ ಊದುವುದು ರೂಢಿ. 112 ಬಹಳಷ್ಟು ದೇಶಗಳಲ್ಲಿ ತುರ್ತು ಸಂಖ್ಯೆ, ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಜಾಲದ ಮೂಲಕ ಹೋಗಬಹುದು. ಕರೆ ಹೋಗದ ಕಡೆಯಿಂದ ಎಸ್‌ಎಂಎಸ್ ಹೋಗುವುದುಂಟು.

ಸಿಡಿಲು, ಹುಳ, ಹಾವು, ಉಳುಕು

ಮಿಂಚು ಕಂಡು ಗುಡುಗು ಕೇಳುವುದರೊಳಗೆ 30 ಸೆಕೆಂಡು ಎಣಿಸಲಾಗದಿದ್ದರೆ ಸಿಡಿಲು 10 ಕಿ.ಮೀ. ಒಳಗಿದೆ. ದಿಬ್ಬದ ನೆತ್ತಿಯಿಂದ ಇಳಿಯಿರಿ, ಒಂಟಿ ಎತ್ತರದ ಮರದಿಂದ ದೂರ ಸರಿಯಿರಿ. ಹೊರಬೀಳಲಾಗದಿದ್ದರೆ ಒಂದೇ ಎತ್ತರದ ಗಿಡ್ಡ ಮರಗಳ ನಡುವೆ, ಒಬ್ಬರಿಂದೊಬ್ಬರು ದೂರ ದೂರ ಇರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಜೋರು ಗಾಳಿಯ ದಿನ ಒಣಕೊಂಬೆಗಳಿರುವ ಮರದ ಕೆಳಗೆ ವಿಶ್ರಾಂತಿಗೆ ಕೂರಬೇಡಿ, ಮೊದಲು ತಲೆಯೆತ್ತಿ ನೋಡಿ.

ಉಣುಗು ಕಚ್ಚಿಕೊಂಡಿದ್ದರೆ ಚಿಮಟದ ತುದಿಯಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿ ಬೇಡ. ಅದು ಬಿಡುವ ತನಕ ಕಾಯುವುದರಲ್ಲಿ ಸೋಂಕಿಗೆ ಹೊತ್ತು ಸಿಗುತ್ತದೆ. ಮುಂದಿನ ವಾರಗಳಲ್ಲಿ ಜ್ವರವೋ ಹಬ್ಬುವ ಕೆಂಪು ಕಲೆಯೋ ಕಂಡರೆ ಉಣುಗು ಕಚ್ಚಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ಇಂಬಳವನ್ನು ಉಗುರಿನಿಂದ ಬಾಯಿಯ ಪಕ್ಕ ಸರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಉಂಗುರ, ಗಡಿಯಾರ ಬಿಚ್ಚಿ, ಆ ಕೈಯೋ ಕಾಲೋ ಅಲ್ಲಾಡದಂತೆ ಮಾಡಿ, ಸಾಧ್ಯವಿದ್ದರೆ ಹೊತ್ತು, ಆಸ್ಪತ್ರೆಗೆ ಸಾಗಿಸಿ.

ಪಾದ ಉಳುಕಿ, ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲೂ ಆಗದಿದ್ದರೆ ಮೂಳೆ ಮುರಿದಿರಬಹುದು, ನಡೆಸಬೇಡಿ. ನಡೆಯಲಾದರೆ ಶೂ ಬಿಚ್ಚದೆ, ಬಿಚ್ಚಿದರೆ ಊತಕ್ಕೆ ಮತ್ತೆ ಹಾಕಲಾಗದು, ಮೇಲಿನಿಂದಲೇ ಸುತ್ತುಪಟ್ಟಿ ಬಿಗಿದು, ಎರಡು ಕೋಲು ಊರಿಕೊಂಡು, ಹತ್ತಿರದ ಅಡ್ಡದಾರಿಯಿಂದ ಹೊರಬನ್ನಿ. ಬೆರಳು ಮರಗಟ್ಟಿದರೆ ಮಾತ್ರ ಸಡಿಲಿಸಿ.

ಶೌಚಕ್ಕೆ ಹಾದಿಯಿಂದಲೂ ನೀರಿನಿಂದಲೂ 60 ಮೀ. ದೂರ, 15–20 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚಿ. ಹಣ್ಣಿನ ಸಿಪ್ಪೆಯೂ ಕಸವೇ, ಚೀಲದಲ್ಲಿ ಹಾಕಿಕೊಂಡು ಬನ್ನಿ.

ಮರಳಿದ ಮೇಲೆ

ಹೊರಗೆ ಬಂದ ಕೂಡಲೇ ಮನೆಯವರಿಗೆ ಫೋನ್ ಮಾಡಿ. ಇದನ್ನು ಮರೆತು ಊಟಕ್ಕೆ ಕೂತವರನ್ನು ಹುಡುಕಲು ಜನ ಹೊರಟದ್ದುಂಟು. ಐದು ನಿಮಿಷ ಸಪಾಟು ನೆಲದಲ್ಲಿ ನಡೆದು, ಮೀನಖಂಡ, ತೊಡೆ ಎಳೆದು ಬಿಡಿ. ಮನೆಗೆ ಬಂದು ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂಭಾಗ, ಸೊಂಟಪಟ್ಟಿಯ ಜಾಗ, ಕಿವಿಯ ಹಿಂದೆ, ಕೂದಲೊಳಗೆ ಉಣುಗು ಹುಡುಕಿ. ಸ್ನಾಯುನೋವು ಒಂದರಿಂದ ಮೂರು ದಿನದ ನಡುವೆ ಜೋರಾಗಿ, ಆಮೇಲೆ ಇಳಿಯುತ್ತದೆ. ಪೂರ್ತಿ ಮಲಗುವುದಕ್ಕಿಂತ ಮೆಲ್ಲನೆ ನಡೆದಾಡಿದರೆ ಬೇಗ ಸಡಿಲವಾಗುತ್ತದೆ. ಕೀಲಿನೊಳಗೇ ನೋವು, ಊತ, ಅಥವಾ ಕೋಲಾ ಪಾನೀಯದಂತೆ ಕಂದು ಬಣ್ಣದ ಮೂತ್ರ ಕಂಡರೆ ಅದು ಬರೀ ಸ್ನಾಯುನೋವಲ್ಲ, ವೈದ್ಯರಲ್ಲಿಗೆ ಹೋಗಿ.

ಶೂ ಒಳಗಿನ ಮೆತ್ತೆ ತೆಗೆದು, ಕಾಗದ ತುರುಕಿ ನೆರಳಲ್ಲಿ ಒಣಗಿಸಿ. ಬಿಸಿಲು, ಒಲೆಯ ಕಾವು ಅಂಟನ್ನು ಸಡಿಲಿಸುತ್ತದೆ. ಅಂದೇ ರಾತ್ರಿ, ಮರೆಯುವ ಮೊದಲು, ಪ್ರತಿ ಕವಲಿಗೆ ಅಂದಾಜಿಸಿದ ಸಮಯದ ಪಕ್ಕದಲ್ಲಿ ನಿಜವಾಗಿ ಹಿಡಿದ ಸಮಯ, ಉಳಿದ ನೀರು, ಚೀಲದಿಂದ ಹೊರಗೇ ತೆಗೆಯದ ವಸ್ತುಗಳನ್ನು ಬರೆದಿಡಿ. ಇಂಥ ಮೂರು ಸುತ್ತುಗಳಾದ ಮೇಲೆ ನೈಸ್ಮಿತ್ ಲೆಕ್ಕಕ್ಕೆ ಒಂದೂವರೆಯಿಂದ ಗುಣಿಸಬೇಕೋ ಒಂದೂಕಾಲರಿಂದಲೋ ಎಂಬ ನಿಮ್ಮದೇ ಅಂಕಿ ಸಿಕ್ಕಿರುತ್ತದೆ. ಟಾರ್ಚ್, ಸೀಟಿ, ಸುತ್ತುಪಟ್ಟಿಗಳನ್ನು ಮಾತ್ರ ಬಳಸದಿದ್ದರೂ ಚೀಲದಲ್ಲೇ ಬಿಡಿ.